ಉಳಿದ ಸಿಮೆಂಟಿನ ಕಂಬ

ಸಿಮೆಂಟ್ ಮಿತವಾಗಿ ಬಳಸಿದರೆ ಅದನ್ನು ತಯಾರಿಸುವ ಭಟ್ಟಿಗಳ ಹೊಗೆ ಕಡಿಮೆಯಾಗಿ ಭೂಮಿ ಅಷ್ಟಾದರೂ ತಂಪಾಗಿರುತ್ತದೆ ಎಂದು ಜತ್ತದ ನಮ್ಮ ಕಚೇರಿಯಲ್ಲಿ ಎರಡು ದಿನ ತರಬೇತಿ ಕೊಟ್ಟರು. ಅದು ಮುಗಿದ ಮೇಲೆ ಮುಚ್ಚಂಡಿ ಹಳ್ಳಿಗೆ ಮನೆ ತಪಾಸಣೆಗೆ ಹೋದೆ. ಕುರಿ ಸಾಕುವ ಮಾಯವ್ವ ಸರಕಾರಿ ಯೋಜನೆಯಲ್ಲಿ ಮನೆ ಕಟ್ಟಿಸಿದ್ದಳು. ಮಾವನ ಕಾಲದ ಕಲ್ಲಿನ ಗೋಡೆಗಳನ್ನು ಕೆಡವದೆ ಅವುಗಳ ಮೇಲೆಯೇ ಮಾಡು ಹಾಕಿಸಿದ್ದಳು. ಹತ್ತು ಚೀಲ ಸಿಮೆಂಟ್ ಉಳಿದು ಮೂಲೆಯಲ್ಲಿತ್ತು.

"ಗ್ವಾಡಿ ಗಟ್ಟಿ ಅದಾವ್ರಿ ಸಾಹೇಬ್ರ. ಸುಮ್ಮನ ಯಾಕ ಕೆಡವೂದು?" ಅಂದಳು.

ತರಬೇತಿಗೆ ಬಾರದೆಯೇ ಪಾಸಾದವಳು ಸಿಕ್ಕಳೆಂದು ಉಬ್ಬಿ ವರದಿ ಬರೆದೆ. ಮೇಲಿನವರು ನನಗಿಂತ ಹೆಚ್ಚು ಉಬ್ಬಿದರು. ಊರವರೆಲ್ಲ ನೋಡಿ ಕಲಿಯಲೆಂದು, ಅವಳ ಅಂಗಳದಲ್ಲಿ ಕಾಂಕ್ರೀಟ್ ಕಂಬ ನಿಲ್ಲಿಸಿ 'ಇಲ್ಲಿ ಸಿಮೆಂಟ್ ಉಳಿಸಲಾಗಿದೆ' ಎಂಬ ಫಲಕ ಹಾಕಲು ಆದೇಶ ಬಂತು. ನಕ್ಷೆಯೂ ಬಂತು: ಸೊಂಟದಾಳದ ಪಾಯ, ಕಬ್ಬಿಣದ ಸರಳು, ಸುತ್ತ ಕಟ್ಟೆ. ಉಳಿದ ಹತ್ತೂ ಚೀಲ ಅದಕ್ಕೇ ಹೋದವು. ಸಾಲದ್ದಕ್ಕೆ ನಾನೇ ಜತ್ತದಿಂದ ಇನ್ನೆರಡು ತರಿಸಿದೆ.

ಹಸಿ ಕಟ್ಟೆಗೆ ನೀರು ಹೊಡೆಯುತ್ತ ಮಾಯವ್ವ ಕೇಳಿದಳು, "ಇದನ್ನ ಕಟ್ಟಲಿಲ್ಲಂದ್ರ ಉಳಿಸಿದ್ದು ಉಳಿಸಿಧಂಗ ಆಗೂದಿಲ್ಲೇನ್ರಿ?"

"ನಿಯಮನ ಹಂಗ ಐತಿ ಯವ್ವಾ," ಅಂದೆ.

ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದರೆ ಕಂಬಕ್ಕೆ ಟಗರು ಕಟ್ಟಿದ್ದಳು. ಕಂಬ ಹೇಗಿದೆ ಎಂದು ಕೇಳಿದೆ.

"ಭಾಳ ಗಟ್ಟಿ ಐತ್ರಿ ಸಾಹೇಬ್ರ," ಅಂದಳು. "ಮೊದಲಿನ ಜಾಲಿ ಗೂಟಾನೂ ಗಟ್ಟೀನ ಇತ್ತು ಬಿಡ್ರಿ."