ಸುಬ್ಬಿ ಬಾಯಿ ಬಿಡದ ಎರಡು ತಿಂಗಳು

ಆಗೆಲ್ಲ ಹೇಗಿತ್ತು ಗೊತ್ತೇ ಎಂದು ನನ್ನ ವಯಸ್ಸಿನವಳು ಶುರು ಮಾಡಿದರೆ ಸೌದೆ ಒಲೆಯ ಕಥೆ ಬರುತ್ತದೆ ಎಂದುಕೊಳ್ಳುತ್ತೀರಿ. ನನ್ನ ಬಾಲ್ಯದಲ್ಲಿ ಬರೆಯುವಂಥದ್ದು ಹೆಚ್ಚಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದರು, ತಮ್ಮಂದಿರನ್ನು ಸೊಂಟದ ಮೇಲೆ ಕೂರಿಸಿಕೊಂಡೆ, ಅಲ್ಲಿಗೆ ಮುಗಿಯಿತು. ಇದು ನನ್ನ ಮೊಮ್ಮಗಳ ಬಾಲ್ಯ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಅವಳಿಗೆ ನೆನಪಿಲ್ಲ, ನನಗಿದೆ. ಆದ್ದರಿಂದ ನಾನೇ ಬರೆಯಬೇಕಾಯಿತು.

ಅವಳ ಹೆಸರು ಸಾನ್ವಿ. ಸುಬ್ರಹ್ಮಣ್ಯ ಷಷ್ಠಿಯ ದಿನ ಹುಟ್ಟಿದ್ದರಿಂದ ನಾನು ಸುಬ್ಬಿ ಎನ್ನುತ್ತೇನೆ. ಸೊಸೆ ಶ್ರುತಿಗೆ ಆ ಹೆಸರು ಹಿಡಿಸುವುದಿಲ್ಲ. ಮಗ ಸೊಸೆ ಇಬ್ಬರಿಗೂ ಸಿಂಗಪುರದಲ್ಲಿ ಕೆಲಸ, ಹಾಗಾಗಿ ನಾಲ್ಕೂವರೆ ವರ್ಷದವರೆಗೂ ಮಗು ಮೈಸೂರಿನಲ್ಲಿ ನನ್ನ ಹತ್ತಿರವೇ ಇತ್ತು. ಬಾಯಿಬಡುಕಿ. ಸಂಜೆ ಬೀದಿಯಲ್ಲಿ ಆಡುತ್ತಿದ್ದವಳನ್ನು ನಾನು ಬಾಗಿಲಲ್ಲಿ ನಿಂತು, ಸುಬ್ಬೀ, ಬಾರೇ ಮನೆಗೆ ಎಂದು ಕೂಗುವುದು, ಅವಳು ಯಾವುದೋ ಕಾಂಪೌಂಡಿನ ಹಿಂದಿನಿಂದ "ಇಲ್ಲೇ ಇದೀನಜ್ಜೀ" ಎನ್ನುವುದು, ಆದರೆ ಬಾರದೇ ಇರುವುದು. ದಿನಾ ಇದೇ.

ಆಮೇಲೆ ಕರೆದುಕೊಂಡು ಹೋದರು. ಹೋದ ಒಂದು ತಿಂಗಳಿಗೆ ಮಗು ಮಾತು ನಿಲ್ಲಿಸಿತು. ಅಳು ಇಲ್ಲ, ಹಟ ಇಲ್ಲ, ಮಾತೂ ಇಲ್ಲ. ಶಿಶುವಿಹಾರದ ಮೇಡಂ, ಮನೆಯಲ್ಲೊಂದು ಹೊರಗೊಂದು ಭಾಷೆಯಾಗಿ ಮಗುವಿಗೆ ಗಲಿಬಿಲಿಯಾಗಿದೆ, ಮನೆಯಲ್ಲೂ ಬರೀ ಇಂಗ್ಲಿಷ್ ಆಡಿ ಎಂದರಂತೆ. ಮಗ ನನ್ನನ್ನು ಕರೆಸಿಕೊಂಡ. ವಿಮಾನ ಇಳಿದು ಟ್ಯಾಕ್ಸಿಯಲ್ಲಿ ಕೂತ ಮೇಲೆ ಹೇಳಿದ: "ಅಮ್ಮ, ನೀನು ಜೊತೇಲಿರು, ಸಾಕು. ಆದ್ರೆ ಅವಳ ಹತ್ರ ಕನ್ನಡ ಬೇಡ. ಸ್ವಲ್ಪ ದಿನ ಅಷ್ಟೆ."

"ಮತ್ತೆ ನನ್ನ ಯಾಕೋ ಕರೆಸ್ದೆ? ಬೊಂಬೆ ತಂದು ಕೂರಿಸ್ಕೋಬೇಕಿತ್ತು," ಎಂದೆ.

ನನ್ನ ವೀಸಾ ಎರಡು ತಿಂಗಳದು. ಅಷ್ಟರೊಳಗೆ ಮಗು ಬಾಯಿ ಬಿಡದಿದ್ದರೆ ದೊಡ್ಡ ಡಾಕ್ಟರಿಗೆ ತೋರಿಸುವುದೆಂದು ನಿಶ್ಚಯಿಸಿದ್ದರು. ನಾನು ಮೂರು ಇಂಗ್ಲಿಷ್ ಪದ ಕಲಿತೆ: ಕಮ್, ಈಟ್, ಸ್ಲೀಪ್. ನಾಯಿಗೆ ಹೇಳಿದ ಹಾಗೆ. ಮಗು ಬಂತು, ತಿಂತು, ಮಲಗಿತು. ಸಾರನ್ನ ಕಲಸಿ ಕೊಟ್ಟರೆ ಇಂಗಿನ ವಾಸನೆಗೆ ಒಮ್ಮೆ ನನ್ನ ಮುಖ ನೋಡುತ್ತಿತ್ತು. ನಾನೂ ನೋಡುತ್ತಿದ್ದೆ. ನನ್ನ ಮನೆಯ ಕೂಸಿನ ಎದುರು ನಾನು ಮೂಗಿಯಾದೆ.

ಕ್ಲೆಮೆಂಟಿ ಎಂಬ ಬಡಾವಣೆಯ ಮಗನ ಫ್ಲ್ಯಾಟಿನಲ್ಲಿ ಒಂದು ರೂಮನ್ನು ಮಾಯ್ ಎಂಬ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದರು. ಲಾವೋಸಿನ ಬೆಟ್ಟದ ಕಡೆಯವಳು, ಅಲ್ಲಿಯ ಮೋಂಗ್ ಜನ. ಹತ್ತಿರದ ಯೂನಿವರ್ಸಿಟಿಯಲ್ಲಿ ಓದು. ಓದೆಂದರೆ ಏನು, ತನ್ನ ಭಾಷೆಯನ್ನೂ ಚೀನೀ ಭಾಷೆಯನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಇದಕ್ಕೂ ಡಿಗ್ರಿ ಕೊಡುತ್ತಾರೆ. ಪ್ರತಿ ಭಾನುವಾರ ಪಕ್ಕದ ಮನೆಯ ವಾಂಗ್ ಆಂಟಿಯನ್ನು ನಮ್ಮ ಊಟದ ಮೇಜಿಗೆ ಕೂರಿಸಿಕೊಂಡು, ಚಿತ್ರದ ಕಾರ್ಡು ಒಂದೊಂದಾಗಿ ಎತ್ತಿ ತೋರಿಸಿ, ಆಂಟಿ ತಮ್ಮ ಕ್ಯಾಂಟನೀಸಿನಲ್ಲಿ ಹೇಳಿದ್ದನ್ನು ಬೆರಳುದ್ದದ ಮಷೀನಿನಲ್ಲಿ ಹಿಡಿದು, ಆಮೇಲೆ ತಾನು ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು. ಆಂಟಿಗೆ ನನ್ನಷ್ಟೇ ವಯಸ್ಸು. ಸುಬ್ಬಿಗೆ ಬಟ್ಟೆಯಲ್ಲಿ ಅಕ್ಕಿ ತುಂಬಿ ಐದು ಕಲ್ಲು ಹೊಲಿದು ಕೊಟ್ಟಿದ್ದರು, ನಮ್ಮ ಕಲ್ಲಾಟದ್ದೇ ಆಟ. ಮಗು ಮೇಜಿನ ಕೆಳಗೆ ಕೂತು ಅದನ್ನು ಎಸೆದು ಹಿಡಿಯುತ್ತಿತ್ತು, ಸದ್ದಿಲ್ಲದೆ. ನಾನು ಪಕ್ಕದಲ್ಲಿ ಬೀನ್ಸ್ ಸೋಸುತ್ತಿದ್ದೆ.

ಎರಡೂ ಭಾಷೆ ಬಾರದವಳಿಗೆ ಕೇಳಿಸುವುದು ರಾಗ ಒಂದೇ. ಇಬ್ಬರೂ ಹಾಡಿದ ಹಾಗೆಯೇ ಮಾತಾಡುತ್ತಿದ್ದರು. ಒಂದೇ ಶಬ್ದವನ್ನು ಮೇಲೆತ್ತಿದರೆ ಒಂದರ್ಥ, ಕೆಳಗಿಳಿಸಿದರೆ ಇನ್ನೊಂದಂತೆ. ವಾಂಗ್ ಆಂಟಿಯದಕ್ಕೆ ಆರು ರಾಗ, ಮಾಯ್‌ದಕ್ಕೆ ಏಳೋ ಎಂಟೋ. ಇಬ್ಬರ ಭಾಷೆಯಲ್ಲೂ ಮೂರು ಕೋಳಿ ಎಂದು ಸುಮ್ಮನೆ ಎಣಿಸುವಂತಿಲ್ಲ, ನಡುವೆ ಒಂದು ಪದ ಸೇರಿಸಬೇಕು, ನಾವು ಮೂರು ಎಸಳು ಬೆಳ್ಳುಳ್ಳಿ ಎನ್ನುವುದಿಲ್ಲವೇ, ಹಾಗೆ. ಕೋಳಿಗೆ ಆಂಟಿ 'ಗಾಯ್' ಎಂದರು, ಮಾಯ್ ಗಂಟಲ ಒಳಗಿನಿಂದ 'ಕಾಯ್' ಎಂದಳು. ಆದರೆ ಬಿಳಿ ಕೋಳಿ ಎನ್ನುವಾಗ ಆಂಟಿ ನಮ್ಮ ಹಾಗೆ ಬಿಳಿಯನ್ನು ಮೊದಲು ಹೇಳಿದರೆ, ಮಾಯ್ ಕೋಳಿ ಬಿಳಿ ಎನ್ನುತ್ತಿದ್ದಳು. ಇದನ್ನೆಲ್ಲ ಶ್ರುತಿ ನನಗೆ ಹೇಳುತ್ತಿದ್ದಳು, ಪಿಸುಮಾತಿನಲ್ಲಿ, ಮಗುವಿಗೆ ಕನ್ನಡ ಕೇಳಿಸಬಾರದೆಂದು.

ವಾಂಗ್ ಆಂಟಿ, ಎರಡೂ ಒಂದೇ ಲಾ, ಇವಳದು ಬೆಟ್ಟದ ಚೀನೀ ಎಂದು, ಅಲ್ಲಿಯವರ ಹಾಗೆ ಮಾತಿಗೊಂದು ಲಾ ಸೇರಿಸಿ, ರೇಗಿಸುತ್ತಿದ್ದರು. ಮಾಯ್ ಒಪ್ಪುತ್ತಿರಲಿಲ್ಲ. ನಾವು ಸಾವಿರಾರು ವರ್ಷ ಅಕ್ಕಪಕ್ಕ ಇದ್ದವರು, ಸಾಲ ತಂದ ಪದ ಬೇಕಾದಷ್ಟಿವೆ, ಆದರೆ ತಾಯಿ ಬೇರೆ ಎನ್ನುತ್ತಿದ್ದಳು. ನನಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ಪಕ್ಕದ ಮನೆಯಿಂದ ಹೆಪ್ಪಿಗೆ ಮಜ್ಜಿಗೆ ತಂದರೆ ಮೊಸರು ಅವರದ್ದಾಗುತ್ತದೆಯೇ? ಹಾಲು ನಮ್ಮದು.

ಬರವಣಿಗೆಯೂ ಬೇರೆ. ಆಂಟಿ ಬರೆದ ಒಂದು ಅಕ್ಷರಕ್ಕೆ ನನ್ನ ರಂಗೋಲಿಗಿಂತ ಹೆಚ್ಚು ಗೆರೆ. ಮಾಯ್ ಜನಕ್ಕೆ ಎಷ್ಟೋ ಕಾಲ ಅಕ್ಷರವೇ ಇರಲಿಲ್ಲವಂತೆ, ಈಗ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಪದದ ಕೊನೆಗೆ ಒಂದು ಅಕ್ಷರ ಹಾಕುತ್ತಾರೆ, ಓದುವುದಿಲ್ಲ. ಅದು ರಾಗ ಎಷ್ಟು ಎತ್ತರ ಎಂಬುದರ ಗುರುತು. ಅವಳ ಅಜ್ಜಿಗೆ ಓದು ಬರೆಹ ಇಲ್ಲ ಎಂದು ಕೇಳಿದ ಮೇಲೆ ಆ ಹುಡುಗಿಯ ತಟ್ಟೆಗೆ ನಾನು ಒಂದು ಚಮಚ ತುಪ್ಪ ಜಾಸ್ತಿ ಹಾಕತೊಡಗಿದೆ.

ನನ್ನ ವೀಸಾದಲ್ಲಿ ಇನ್ನು ಒಂಬತ್ತು ದಿನ ಉಳಿದಿತ್ತು. ಆ ಭಾನುವಾರದ ಕಾರ್ಡಿನಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಆಡಲು ಹೋದ ಮಗುವನ್ನು ಏನೆಂದು ಕರೆಯುತ್ತೀರಿ ಎಂಬುದು ಪ್ರಶ್ನೆ. ಆಂಟಿ 'ಫಾನ್ ಲೈ' ಎಂದರು, ವಾಪಸ್ ಬಾ ಎಂದು. ಮಾಯ್ 'ಲೋ ಚೇ' ಎಂದಳು, ಮನೆಗೆ ಬಾ ಎಂದು. ಹೇಳಿದವಳು ಮುಂದಿನ ಕಾರ್ಡು ಎತ್ತಲಿಲ್ಲ, ಮೇಜಿನ ಕೆಳಗೆ ಬಗ್ಗಿ ಸುಬ್ಬಿಯನ್ನು ನೋಡಿದಳು. ಆಮೇಲೆ ಶ್ರುತಿಯ ಹತ್ತಿರ ಏನೋ ಹೇಳಿದಳು. ಅವರಲ್ಲಿ ಊರು ಬಿಟ್ಟು ಊರಿಗೆ ಹೋದ ಮಗು ಮಂಕಾದರೆ, ಅದರ ಜೀವ ಹಳೆಯ ಊರಿನಲ್ಲೇ ಉಳಿಯಿತು ಎನ್ನುತ್ತಾರಂತೆ. ಅಕ್ಕಿ, ಮೊಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ಹೆಸರು ಹಿಡಿದು ಇದೇ ಮಾತಿನಲ್ಲಿ ಕೂಗುತ್ತಾರಂತೆ. ವಾಂಗ್ ಆಂಟಿ ತೊಡೆ ತಟ್ಟಿದರು. ಅವರಲ್ಲೂ ಉಂಟು, ಬೆಚ್ಚಿದ ಮಗುವಿಗೆ ಅವರ ತಾಯಿ ಮಗುವಿನ ಅಂಗಿ ಹಿಡಿದು ಕೂಗುತ್ತಿದ್ದರಂತೆ. ಅಷ್ಟು ದಿನ ಪದ ಪದಕ್ಕೂ ಜಗಳವಾಡಿದವರು ಇದೊಂದಕ್ಕೆ ಒಂದಾದರು.

ಹಾಗಾದರೆ ನೀನೇ ಕೂಗು ಎಂದು ನಾನು ಮಾಯ್‌ಗೆ ಕೈ ಮಾಡಿದೆ. ಅವಳು ತಲೆಯಾಡಿಸಿದಳು.

"ನನ್ನ ಭಾಷೆ ಅವಳ ಜೀವಕ್ಕೆ ಅರ್ಥ ಆಗಲ್ಲ ಅಂತಿದಾಳೆ," ಎಂದಳು ಶ್ರುತಿ. "ಯಾರು ಕೂಗಿದ್ರೆ ಬರ್ತಾ ಇತ್ತೋ ಅವರೇ ಕೂಗಬೇಕಂತೆ."

"ಇಂಗ್ಲಿಷಲ್ಲಿ ಕೂಗ್ಲೇನಮ್ಮ? ಕಮ್, ಈಟ್, ಸ್ಲೀಪ್?"

ಶ್ರುತಿ ಎದ್ದಳು. "ಅತ್ತೆ, ನಾನು ವಾಶಿಂಗ್ ಮಷೀನ್ ಆನ್ ಮಾಡ್ತೀನಿ. ಹತ್ತು ನಿಮಿಷ ನಂಗೇನೂ ಕೇಳ್ಸಲ್ಲ," ಎಂದು ಒಳಗೆ ಹೋದಳು.

ಮೊಟ್ಟೆ ಫ್ರಿಜ್ಜಿನಲ್ಲೇ ಇತ್ತು. ಬಂದಾಗಿನಿಂದ ನಾನು ಆ ಟ್ರೇ ಕಂಡೂ ಕಾಣದ ಹಾಗಿದ್ದೆ, ಅವತ್ತು ನಾನೇ ಒಂದನ್ನು ಎತ್ತಿಕೊಂಡೆ. ಬಟ್ಟಲಲ್ಲಿ ಅಕ್ಕಿ ಹಾಕಿ, ಅದರ ಮೇಲೆ ಮೊಟ್ಟೆ ಇಟ್ಟು, ಕಾರಿಡಾರಿನ ಬಾಗಿಲು ತೆರೆದು ನಿಂತೆ. ಎದುರಿಗೆ ಬೀದಿ ಇಲ್ಲ, ಕಾಂಪೌಂಡಿಲ್ಲ. ಯಾರದೋ ಬಟ್ಟೆ ಬಿದಿರು ಗಳುವಿನಲ್ಲಿ ಒಣಗುತ್ತಿತ್ತು, ತುದಿಯಲ್ಲಿ ಲಿಫ್ಟು. ಎಲ್ಲಿಗೆ ಕೂಗಬೇಕೋ ತಿಳಿಯದೆ ಲಿಫ್ಟಿನ ಕಡೆಗೆ ಕೂಗಿದೆ.

"ಸುಬ್ಬೀ, ಬಾರೇ ಮನೆಗೆ."

ಅಷ್ಟು ದಿನ ಪಿಸುಗುಟ್ಟಿದ ಗಂಟಲು, ಒಡೆದ ಮಡಕೆಯ ಹಾಗೆ ಸದ್ದು ಬಂತು. ಎರಡನೇ ಸಲ ಕೂಗಿದಾಗ ಆಚೆ ಮನೆಯ ಬಾಗಿಲು ಸ್ವಲ್ಪ ತೆರೆದುಕೊಂಡಿತು. ವಾಂಗ್ ಆಂಟಿ ಆ ಮನೆಯವರಿಗೆ ಏನೋ ಹೇಳಿ ಒಳಗೆ ಕಳಿಸಿದರು. ಮೂರನೆಯ ಸಲ ಮೈಸೂರಿನಲ್ಲಿ ಕೂಗುತ್ತಿದ್ದ ಹಾಗೇ ಕೂಗಿದೆ, ಸಿಟ್ಟಿನಿಂದ.

"ಸುಬ್ಬೀ, ಬರ್ತೀಯೋ ಬರಲ್ವೋ?"

ಹಿಂದಿನಿಂದ, ನನ್ನ ಸೀರೆ ನೆರಿಗೆಯ ಹತ್ತಿರದಿಂದ, ಬೇಜಾರಿನ ದನಿ ಬಂತು. "ಇಲ್ಲೇ ಇದೀನಜ್ಜೀ. ಲಿಫ್ಟಿಗೆ ಯಾಕೆ ಕೂಗ್ತಿದೀಯ?"

ಒಳಗೆ ವಾಶಿಂಗ್ ಮಷೀನು ನಿಂತಿತು. ಶ್ರುತಿ ಬಂದವಳು ಹೊಸ್ತಿಲಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬಂದ ಜೀವ ಮತ್ತೆ ಹೋಗದಿರಲೆಂದು ಮಾಯ್ ಬಿಳಿ ದಾರ ತಂದು ಮಗುವಿನ ಮಣಿಕಟ್ಟಿಗೆ ಕಟ್ಟಿದಳು. ಮಾತು ಹಿಡಿಯುವ ಅವಳ ಮಷೀನು ಮೇಜಿನ ಮೇಲೆ ಓಡುತ್ತಲೇ ಇತ್ತಂತೆ. ಅವಳ ಮೇಷ್ಟರು ಅದನ್ನು ಕೇಳಿ ಯಾವ ಪಟ್ಟಿಗೆ ಸೇರಿಸಿದರೋ.

ಜೀವ ಮೈಸೂರಿನಿಂದ ಬಂತು ಎಂದು ನಾನು ಹೇಳುವುದಿಲ್ಲ. ಅದು ಎಲ್ಲೂ ಹೋಗಿರಲಿಲ್ಲ. ಮೇಜಿನ ಕೆಳಗೆ ಕೂತು ಯಾರಾದರೂ ಕೂಗಲಿ ಎಂದು ಕಾಯುತ್ತಿತ್ತು. ಉಳಿದ ಒಂಬತ್ತು ದಿನ ಮಗು ನನ್ನ ತಲೆ ತಿಂದಿತು. ಮೇಡಂ ಮಾತನ್ನು ಮಗ ಮತ್ತೆ ಎತ್ತಲಿಲ್ಲ.

ಈಗ ವಾಂಗ್ ಆಂಟಿ ಸಿಂಗಪುರದ ಇನ್ನೊಂದು ಕಡೆ, ಯಿಶುನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾರೆ. ಮಾಯ್ ಡಿಗ್ರಿ ತೆಗೆದುಕೊಂಡು ಊರಿಗೆ ಹೋದಳು. ಪಕ್ಕದಲ್ಲಿ ದೊಡ್ಡ ಭಾಷೆ ಇದ್ದರೆ ಚಿಕ್ಕ ಭಾಷೆ ಮೊದಲು ಮಕ್ಕಳ ಬಾಯಿಂದ ಹೋಗುತ್ತದೆ, ಕಿವಿಯಿಂದ ಆಮೇಲೆ ಎಂದು ಅವಳು ಹೇಳಿದ್ದಳು. ಅವಳು ತನ್ನ ಭಾಷೆಗೆ ಹೇಳಿದ್ದು. ಸುಬ್ಬಿಯ ಶಾಲೆಯಲ್ಲಿ ಕನ್ನಡ ಇರಲಿಲ್ಲ, ಹಿಂದಿ ತೆಗೆದುಕೊಂಡಳು. ಈಗ ಅವಳಿಗೆ ಹದಿನಾರು. ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಅವಳಪ್ಪ ನಡುವೆ ಕೂತು ಹೇಳುತ್ತಾನೆ. ಹುಳಿ, ಮೊಸರು, ದಾರ, ಹೊಸ್ತಿಲು, ಒಂದೊಂದಾಗಿ ಅವಳ ಬಾಯಿಂದ ಹೋದವು. ಕಲ್ಲಾಟ ಹೋಯಿತು.

ಭಾನುವಾರ ವಿಡಿಯೋದಲ್ಲಿ ಮಾತಾಡುವಾಗ ನೆಟ್ ಕೈಕೊಟ್ಟು ಅವಳ ಮುಖ ಹಾಗೇ ನಿಂತುಬಿಟ್ಟರೆ, ನಾನು ಸುಬ್ಬೀ ಎಂದು ಜೋರಾಗಿ ಕೂಗುತ್ತೇನೆ. ಆಗ ಮಾತ್ರ ಒಂದು ಚೂರೂ ತೊದಲದೆ "ಇಲ್ಲೇ ಇದೀನಜ್ಜೀ" ಎನ್ನುತ್ತಾಳೆ. ಅಷ್ಟು ಉಳಿದಿದೆ.

ಈಚೆಗೆ ನೆಟ್ ಸರಿಯಿದ್ದಾಗಲೂ ಕೂಗುತ್ತೇನೆ.