ಹೊಳೆಗೆ ಬಿಡದ ಮದ್ದು

ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ದಾವಣಗೆರೆಯಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ತೊಂಬತ್ತೆಂಟರ ಬೇಸಿಗೆ, ಶಾಲೆಗೆ ರಜೆ. ಹರಿಹರದಲ್ಲಿರುವ ನನ್ನ ಅಕ್ಕ ಗೌರಮ್ಮನ ಗಂಡ, ಬಸಣ್ಣ ಭಾವ, ತೀರಿಕೊಂಡಿದ್ದರು. ಮಣ್ಣಿಗೆ ಹೋಗಿ ಬಂದಿದ್ದೆ, ಈಗ ಶಿವಗಣಾರಾಧನೆಗೆ ಹೊರಟಿದ್ದೆ. ಹರಿಹರ ದಾರಿಯಲ್ಲೇ ಸಿಗುತ್ತದೆ. ಆದರೂ ಅಲ್ಲಿ ಇಳಿಯದೆ ಮುಂದೆ ಬಂದೆ. ಭಾವ ಕೊನೆಯುಸಿರೆಳೆದದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. ಕಾಲಿನ ಒಂದು ಸಣ್ಣ ಗಾಯಕ್ಕೆ ಕಲ್ಲುಗುಂಡಿನಂಥ ಮನುಷ್ಯ ಹೋದದ್ದು ಹೇಗೆ ಎಂದು ಕೇಳಿ ತಿಳಿಯದೆ ಮತ್ತೆ ಅಕ್ಕನ ಮುಖ ನೋಡಲು ನನಗೆ ಮನಸ್ಸಾಗಲಿಲ್ಲ. ಮಕ್ಕಳಿಗೆ ವಿಜ್ಞಾನ ಹೇಳುವವಳು ನಾನು. ಕಾರಣ ಸಿಗದಿದ್ದರೆ ತುತ್ತು ಇಳಿಯುವುದಿಲ್ಲ, ಅದೊಂದು ರೋಗವೇ ಅನ್ನಿ.

ಸ್ಟೇಷನ್ನಿನಿಂದ ಆಟೋ ಹಿಡಿದು ವಿನೋಬನಗರಕ್ಕೆ, ಭಾವನ ಅಣ್ಣ ಮುರಿಗೆಪ್ಪನವರ ಮನೆಗೆ ಹೋದೆ. "ಬರ್ರಿ, ಕೂಡ್ರಿ" ಎಂದವರು ರೊಟ್ಟಿ, ಮಡಿಕೆಕಾಳು ಪಲ್ಯ ಹಾಕಿಸಿದರು. ಆಸ್ಪತ್ರೆಯಿಂದ ತಂದ ತಮ್ಮನ ಗಂಟು ಮೂಲೆಯಲ್ಲಿತ್ತು: ಎರಡು ಪಂಚೆ, ಒಂದು ಹೊದಿಕೆ, ಬಟ್ಟೆಯ ಚೀಲದ ತುಂಬ ಉಳಿದ ಮದ್ದು. ಹರಿಹರದಲ್ಲಿ ಇವನ್ನೆಲ್ಲ ಹೊಳೆಗೆ ಬಿಡಬೇಕು, ಅದು ತಮ್ಮ ಮನೆತನದ ಪದ್ಧತಿ ಎಂದರು. ನಾನು ತಲೆಯಾಡಿಸಿದೆ. ಆಗ ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಊಟ ಮುಗಿಸಿ ಆಸ್ಪತ್ರೆಗೆ ಹೋದೆ. ಭಾವನನ್ನು ನೋಡಿಕೊಂಡಿದ್ದ ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನನ್ನು ಕಾಯಿಸದೆ ಕೂರಿಸಿಕೊಂಡರು. ಗಾಯದ ಕೀವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತಮ್ಮಲ್ಲಿದ್ದ ಆಂಟಿಬಯಾಟಿಕ್‌ಗಳನ್ನೆಲ್ಲ ಅದರ ಮೇಲೆ ಹಾಕಿ ನೋಡಿದ್ದರಂತೆ. ಯಾವುದಕ್ಕೂ ಕ್ರಿಮಿ ಜಗ್ಗಲಿಲ್ಲ. ಭಾವ ಅಂಥ ಮದ್ದುಗಳನ್ನು ಹಿಂದೆಂದೂ ಮುಟ್ಟಿದವರಲ್ಲ. ಹಾಗಾದರೆ ಅವರ ಕಾಲಿಗೆ ಹೊಕ್ಕ ಕ್ರಿಮಿ ಮದ್ದನ್ನು ಸೋಲಿಸಲು ಎಲ್ಲಿ ಕಲಿಯಿತು ಎಂದು ಕೇಳಿದೆ. ಗಾಯವಾದದ್ದು ಎಲ್ಲಿ ಎಂದು ಅವರು ತಿರುಗಿ ಕೇಳಿದರು. ಹೊಳೆಯ ಮೆಟ್ಟಿಲ ಬಳಿ ತಗಡು ತಾಗಿ ಹಿಮ್ಮಡಿ ಹರಿದಿತ್ತು. ಆಮೇಲೂ ಭಾವ ದಿನಾ ಅಲ್ಲೇ ಮಿಂದು, ಅದೇ ನೀರಲ್ಲಿ ಗಾಯ ತೊಳೆಯುತ್ತಿದ್ದರು. ಅದನ್ನು ಹೇಳಿದೆ.

ಖಚಿತವಾಗಿ ಹೇಳಲಾರೆ ಎಂದೇ ಅವರು ಶುರುಮಾಡಿದರು. ಊರಿನ ಚರಂಡಿ, ಆಸ್ಪತ್ರೆಗಳ ಕೊಳೆನೀರು ಹೊಳೆ ಸೇರುತ್ತವೆ. ನಾವು ನುಂಗಿದ ಮದ್ದಿನ ಒಂದು ಪಾಲು ಮೂತ್ರದಲ್ಲಿ ಹಾಗೇ ಹೋಗಿ ಅದಕ್ಕೆ ಕೂಡಿಕೊಳ್ಳುತ್ತದೆ. ಕ್ರಿಮಿಯನ್ನು ಕೊಲ್ಲಲಾರದಷ್ಟು ತೆಳುವಾದ ಆ ಮದ್ದಿನಲ್ಲಿ ಬದುಕಿ ಉಳಿದವು ಗಟ್ಟಿಯಾಗುತ್ತವೆ. "ಅಷ್ಟಕ್ಕೇ ನಿಲ್ಲಲ್ಲ ಮೇಡಂ. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ, ಆ ಗುಣಾನ ಬೇರೆ ಜಾತಿ ಕ್ರಿಮಿಗೂ ಕೊಡ್ತಾವೆ" ಎಂದರು. ಉಳಿದ ಮದ್ದನ್ನು ಏನು ಮಾಡುವುದು ಎಂದು ಕೇಳಿದೆ. ನೀರಿಗಂತೂ ಹಾಕಬೇಡಿ, ಕಸ ಸುಡುವ ಕುಲುಮೆ ಇರುವ ಆಸ್ಪತ್ರೆಗೆ ಕೊಡಿ ಎಂದರು.

ಸಂಜೆ ಮುರಿಗೆಪ್ಪನವರ ಜೊತೆ ಹರಿಹರದ ಬಸ್ಸು ಹತ್ತಿದೆ. ಹದಿನಾಲ್ಕು ಕಿಲೋಮೀಟರಿಗೆ ನಾಲ್ಕು ರೂಪಾಯಿ. ಮುಂದಿನ ಸೀಟಿನವರು ಮಂಡಕ್ಕಿ ಪೊಟ್ಟಣ ಬಿಚ್ಚಿ ನಮಗೂ ಚಾಚಿದರು. ಗಂಟು ಮುರಿಗೆಪ್ಪನವರ ತೊಡೆಯ ಮೇಲಿತ್ತು. ಡಾಕ್ಟರಮ್ಮ ಹೇಳಿದ್ದನ್ನು ತಿಳಿಸಬೇಕೆಂದು ಎರಡು ಸಲ ಬಾಯಿ ತೆರೆದೆ. ತಮ್ಮನ ಬಟ್ಟೆಯನ್ನು ಮಗುವಿನಂತೆ ತಬ್ಬಿ ಕೂತವರಿಗೆ ಆ ಮಾತು ಹೇಗೆ ಹೇಳುವುದು? ಕಾರ್ಯ ಮುಗಿಯಲಿ ಎಂದು ಸುಮ್ಮನಾದೆ.

ಕೋಟೆ ಹತ್ತಿರದ ಓಣಿಯಲ್ಲಿ ಅಕ್ಕನ ಮನೆ. ಮುಂಭಾಗದಲ್ಲಿ ಭಾವನ ಕಿರಾಣಿ ಅಂಗಡಿ, ಬಾಗಿಲು ಹಾಕಿತ್ತು. ಅಕ್ಕನ ಹಣೆಯಲ್ಲಿ ವಿಭೂತಿ ಮಾತ್ರ. ಮಗಳು ಸುಮಾ ಚೊಚ್ಚಲ ಬಸುರಿ, ಬಾಣಂತನಕ್ಕೆಂದು ಬಂದವಳು ಸಾವಿನ ಮನೆಯಲ್ಲಿ ಕೂತಿದ್ದಳು. ಅಕ್ಕ ನನ್ನ ಕೈ ಹಿಡಿದುಕೊಂಡಳು, ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಜಂಗಮರ ಪೂಜೆ, ದಾಸೋಹ ಆಯಿತು. ಗೋಧಿ ಹುಗ್ಗಿ ಉಂಡವರು ಭಾವನ ಗುಣ ನೆನೆದು ಹೋದರು. ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ, ಅವರು ಒಳ್ಳೆಯ ಮನುಷ್ಯರೇ.

ಅದರ ಮಾರನೆಯ ಬೆಳಿಗ್ಗೆ ಅಕ್ಕ, ಮುರಿಗೆಪ್ಪನವರು ಮತ್ತು ನಾನು ಗಂಟು ತೆಗೆದುಕೊಂಡು ಹೊಳೆಗೆ ಹೋದೆವು. ಮಳೆ ಇನ್ನೂ ಬಂದಿರಲಿಲ್ಲ. ತುಂಗಭದ್ರೆ ಬಂಡೆಗಳ ನಡುವೆ ಸೊರಗಿ ಹೋಗಿದ್ದಳು. ಜನ ಮೀಯುವ ಜಾಗಕ್ಕಿಂತ ಸ್ವಲ್ಪ ಮೇಲೆ ಚರಂಡಿಯೊಂದು ಬಂದು ಸೇರುತ್ತಿತ್ತು. ಅದರ ಕಪ್ಪು ನೀರು ದಡದುದ್ದಕ್ಕೂ ಹರಿಯುತ್ತಿದ್ದುದರಿಂದ ನಡುವಿನ ತಿಳಿನೀರಿಗೆ ಹೋಗುವವರು ಅದನ್ನು ತುಳಿದೇ ದಾಟಬೇಕಿತ್ತು. ನಾನು ಹಿಂದೊಮ್ಮೆ ಮೂಗು ಮುಚ್ಚಿದ್ದಕ್ಕೆ ಭಾವ ನಕ್ಕು, ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದಿದ್ದರು. ದಿನಾ ಬೆಳಿಗ್ಗೆ ಅವರು ಆ ಕಪ್ಪನ್ನು ದಾಟಿ ಹೋಗಿ ಮಿಂದು ಬಂದು ಲಿಂಗಪೂಜೆಗೆ ಕೂರುತ್ತಿದ್ದರು.

ಪಂಚೆ, ಹೊದಿಕೆ ನೀರಿಗೆ ಹೋದವು. ಮುರಿಗೆಪ್ಪನವರು ಮದ್ದಿನ ಚೀಲದ ಬಾಯಿ ಬಿಚ್ಚಿದರು. ಇನ್ನು ತಡೆಯಲಾಗಲಿಲ್ಲ. ಅದೊಂದು ಬೇಡ ಎಂದು ಅವರ ಕೈ ಹಿಡಿದೆ. ಗಂಡಸಿನ ಕೈ, ಅದೂ ಕಾರ್ಯದ ಹೊತ್ತಿನಲ್ಲಿ. ಅವರು ಸಿಟ್ಟಾಗಲಿಲ್ಲ, ದಂಗಾದರು.

"ತೀರಿದೋರ ಮದ್ದು ಮನ್ಯಾಗೆ ಉಳುದ್ರೆ ಇನ್ನೊಬ್ರನ್ನ ಕರೀತೈತೆ ಕಣಮ್ಮ," ಎಂದರು. "ಮನ್ಯಾಗೆ ಬಸುರಿ ಹುಡುಗಿ ಅದಾಳೆ. ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?"

ಅಕ್ಕ ನನ್ನತ್ತ ತಿರುಗಿದಳು. ಗಂಡನನ್ನು ಕಳೆದುಕೊಂಡವಳಿಗೆ ಉಳಿದಿದ್ದವಳು ಆ ಒಬ್ಬ ಮಗಳು. ಡಾಕ್ಟರಮ್ಮ ಏನಂದರು, ತನಗೂ ಹೇಳು ಎಂದಳು. ನಾನು ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ, ಹೆಪ್ಪಿನ ಮಾತೂ ಸೇರಿ. ಪಾಠ ಹೇಳುವಾಗಿನ ನನ್ನ ದನಿ ಅಂದು ಎಲ್ಲಿ ಅಡಗಿತ್ತೋ. ಅಕ್ಕ ಕಪ್ಪು ನೀರನ್ನೇ ನೋಡುತ್ತ ಕೇಳಿದಳು. ಕೊನೆಗೆ ಎದ್ದು ಮುರಿಗೆಪ್ಪನವರ ಕೈಯಲ್ಲಿದ್ದ ಚೀಲಕ್ಕೆ ಕೈಚಾಚಿದಳು.

"ಬ್ಯಾಡ ಭಾವ. ನಮ್ಮನಿ ನಲ್ಲ್ಯಾಗೆ ಬರೋದೂ ಇದಾ ಹೊಳಿ ನೀರು. ಸುಮಾನೂ ಅದನ್ನಾ ಕುಡೀತಾಳೆ."

ಮುರಿಗೆಪ್ಪನವರು ಚೀಲದ ಬಾಯಿ ಮತ್ತೆ ಕಟ್ಟಿದರು. ಆಮೇಲೆ ಚೀಲ ಕೊಟ್ಟು, ಶಿವನೇ ನೋಡಿಕೊಳ್ಳಲಿ ಎಂದು ಮೆಟ್ಟಿಲು ಹತ್ತಿದರು. ಮನೆಯೊಳಗೆ ಮಾತ್ರ ಅದನ್ನು ಇಡಲು ಅಕ್ಕನಿಗೆ ಧೈರ್ಯವಾಗಲಿಲ್ಲ, ಜಗುಲಿಯ ಮೊಳೆಗೆ ನೇತುಹಾಕಿದಳು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಒಯ್ದು ಸುಡಿಸುತ್ತೇನೆಂದು ನಾನು ಒಪ್ಪಿಕೊಂಡೆ.

ಸಂಜೆ ಹೊರಡುವಾಗ ಅವಳೇ ಚೀಲ ತಂದು ನನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಎಳೆದ ಕೈ ಅಲ್ಲೇ ನಿಂತಿತು.

"ನಮ್ಮತ್ತೆ ತೀರಿದಾಗ ಇಂಥದಾ ಒಂದು ಚೀಲ ಕೈಯಾರೆ ಅಲ್ಲೇ ಬಿಟ್ಟೀನಿ ಶಾಂತಾ. ಇವ್ರು ದಿನಾ ಅದ್ರಾಗೆ ಮಿಂದ್ರು."

ಕಾರಣ ಬೇಕು ಎಂದು ಹುಡುಕಿಕೊಂಡು ಹೋಗಿ ತಂದವಳು ನಾನು. ಅದು ಹೋಗಿ ಯಾರ ಕೊರಳಿಗೆ ಬಿತ್ತು ನೋಡಿ.

"ಒಂದು ಚೀಲದಿಂದ ಆಗೋದಲ್ಲಕ್ಕ ಇದು. ವರ್ಷಾನುಗಟ್ಟಲೆ ಊರಿಗೆ ಊರೇ ಹಾಕೈತೆ."

"ಊರು ಅಂದ್ರೆ ಅದ್ರಾಗೆ ನಾನೂ ಬಂದ್ನಲ್ಲ," ಎಂದಳು ಅಕ್ಕ. ಆಗ ಅತ್ತಳು, ಗಂಡ ಸತ್ತಾಗಲೂ ಅಳದ ಹಾಗೆ. ಸುಮಾ ಒಳಗಿನಿಂದ ಬಂದು ತಾಯಿಯನ್ನು ಹಿಡಿದುಕೊಂಡಳು. ರೈಲಿಗೆ ಹೊತ್ತಾಯಿತೆಂದು ಮುರಿಗೆಪ್ಪನವರು ಹೊರಗಿನಿಂದ ಕೂಗಿದರು.

ಹರಿಹರ ಬಿಟ್ಟ ಕೂಡಲೇ ರೈಲು ಹೊಳೆಯ ಸೇತುವೆಗೆ ಬರುತ್ತದೆ. ಪಕ್ಕದ ಹೆಂಗಸು ಕಿಟಕಿಯಿಂದ ನಾಣ್ಯ ಎಸೆದು ಕೈಮುಗಿದಳು. ಕೆಳಗೆ ಒಬ್ಬಾತ ಸೊಂಟದ ಮಟ್ಟದ ನೀರಲ್ಲಿ ಪಡುವಣಕ್ಕೆ ತಿರುಗಿ ನಿಂತಿದ್ದ. ಬೊಗಸೆಯಲ್ಲಿ ನೀರೆತ್ತಿ ಮುಳುಗುವ ಸೂರ್ಯನಿಗೆ ಬಿಟ್ಟ. ಮತ್ತೊಂದು ಬೊಗಸೆ ಎತ್ತಿ ಬಾಯಿಗೆ ತಂದ. ನಾನು ಕಿಟಕಿಯ ಸರಳು ಹಿಡಿದು ಬ್ಯಾಡ, ಬ್ಯಾಡ ಎಂದು ಕೂಗಿದೆ. ಸೇತುವೆಯ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.