ಗಂಜಿ ಹಾಕಿದ ಹಾಯಿ

ಒಂದೇ ಹಾಯಿಯ ದೋಣಿಯೂ ಒಂದು ದೋಣಿಯೇ ಎಂದು ಯಾರಾದರೂ ಮೂಗು ಮುರಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದಲ್ಲಿ, ಹುನಗುಂದ ತಾಲ್ಲೂಕಿನ ನಮ್ಮೂರಲ್ಲಿ, ನಮ್ಮ ಮನೆ ನಡೆದದ್ದು ಕೃಷ್ಣೆ ದಾಟಿಸುವ ಅಂಥ ದೋಣಿಯಿಂದಲೇ. ಒಂದು ಕಂಬ, ಒಂದು ಹಾಯಿ, ಹಿಡಿಯಲು ಒಂದು ಹಗ್ಗ. ಗಾಳಿ ಜೋರಾದರೆ ಹಗ್ಗ ಬಿಟ್ಟರಾಯಿತು, ಹಾಯಿ ಗಾಳಿ ಚೆಲ್ಲಿ ಸುಮ್ಮನಾಗುತ್ತದೆ. ಇದನ್ನು ಕಲಿಯಲು ಮೀಸೆ ಬೇಕಿಲ್ಲ.

ಅಪ್ಪ ಭುಜ ಮುರಿದುಕೊಂಡು ಮಲಗಿದಾಗ ಅವನ ತಮ್ಮ, ನಮ್ಮ ಕಾಕಾ ಬಂದ.

"ಹೆಣ್ಣುಡುಗಿ ಕೈಯಾಗ ಕೊಟ್ರ ಮಂದಿ ಹತ್ತಂಗಿಲ್ಲ. ದೋಣಿ ನಾ ನಡಸ್ತೇನಿ," ಅಂದ.

ಅವನ ಕೈಗೆ ಹೋದ ದೋಣಿ ತಿರುಗಿ ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅಪ್ಪ ಗೋಡೆಯತ್ತ ಹೊರಳಿದ. ಆಗುವುದಿಲ್ಲ ಅಂದವಳು ನಾನೇ. ಕಾಕಾ ಸಿಟ್ಟಿಗೆದ್ದು, ಅದು ತನ್ನ ಪಾಲು ಎಂದು ಹಾಯಿ ಬಿಚ್ಚಿಕೊಂಡು ಹೋದ.

ಅವ್ವ ಮದುವೆಗೆ ಮುಂಚೆ ಇಳಕಲ್ಲಿನ ಮಗ್ಗದ ಮನೆಗಳಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದವಳು. ದಪ್ಪ ಹತ್ತಿಬಟ್ಟೆ ಹೊಲಿದು ಹೊಸ ಹಾಯಿ ಮಾಡಿದಳು. ಅಷ್ಟಕ್ಕೆ ಸುಮ್ಮನಿರದೆ, ಬಟ್ಟೆ ಗಟ್ಟಿಯಾಗಲಿ ಎಂದು ಅದಕ್ಕೂ ಗಂಜಿ ಕುಡಿಸಿದಳು. ಒಣಗಿದ ಹಾಯಿ ಹಪ್ಪಳದಂತೆ ಸೆಟೆದು ನಿಂತಿತು. ನಮ್ಮಿಬ್ಬರಿಗೂ ಭಾರಿ ಹೆಮ್ಮೆ.

ಮರುದಿನ ಸಂತೆಗೆ ಹೊರಟವರು ಹತ್ತಿದರು. ನಡುಹೊಳೆಯಲ್ಲಿ ಗಾಳಿ ಜೋರಾಯಿತು. ಹಗ್ಗ ಬಿಟ್ಟೆ. ಆ ಸೆಟೆದ ಹಾಯಿ ಗಾಳಿ ಚೆಲ್ಲಲೇ ಇಲ್ಲ. ದೋಣಿ ವಾಲಿ ನೀರು ಒಳಗೆ ಬಂತು. ಹೇಗೋ ಹಾಯಿ ಕೆಡವಿ, ಹುಟ್ಟು ಹಾಕಿ ಹೊರಟ ದಡಕ್ಕೇ ವಾಪಸ್ ತಂದೆ. ಎಲ್ಲರೂ ಇಳಿದುಬಿಟ್ಟರು.

ದಂಡೆಯ ಮೇಲಿದ್ದ ಕಾಕಾ, "ಸಮಾಧಾನ ಆತೇನು? ಇನ್ನರ ದೋಣಿ ನನಗ ಬಿಡು," ಅಂದ.

ನಾನು ಹಾಯಿ ಬಿಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಎಲ್ಲರ ಎದುರಿಗೇ ಗಂಜಿ ಬಿಡುವ ತನಕ ಕುಕ್ಕಿದೆ. ಅವ್ವ ಬಂದು ಇನ್ನೊಂದು ತುದಿ ಹಿಡಿದು ಹಿಂಡಿದಳು. ಹಸಿ ಹಾಯಿಯನ್ನೇ ಮತ್ತೆ ಕಂಬಕ್ಕೆ ಕಟ್ಟಿದೆ.

"ಯಾರ್ ಬರ್ತೀರಿ?" ಅಂದೆ.

ಒಬ್ಬರೂ ಮಿಸುಕಲಿಲ್ಲ. ಅಳು ಬಂತು, ಅತ್ತರೆ ಕಾಕಾ ಗೆದ್ದ ಹಾಗೆ ಎಂದು ನುಂಗಿಕೊಂಡೆ. ಅಷ್ಟರಲ್ಲಿ ಗದ್ದಲ ಕೇಳಿ ಅಪ್ಪ, ಕೈಯನ್ನು ಕೊರಳಿಗೆ ಕಟ್ಟಿಕೊಂಡೇ, ಮನೆಯಿಂದ ನಡೆದು ಬಂದಿದ್ದ. ಕಾಕಾನ ಮುಂದೆ ಹಾದು ದೋಣಿ ಹತ್ತಿದ. ಮುಂತುದಿಯಲ್ಲಿ ಹಾಯಿಗೆ ಬೆನ್ನು ಮಾಡಿ ಕುಳಿತ.

ನಡುಹೊಳೆಯಲ್ಲಿ ಮತ್ತೆ ಗಾಳಿ. ಹಗ್ಗ ಬಿಟ್ಟೆ, ಹಾಯಿ ಪಟಪಟ ಬಡಿದುಕೊಂಡು ಗಾಳಿ ಚೆಲ್ಲಿತು. ಎಳೆದೆ, ದೋಣಿ ಮುಂದೆ ಸಾಗಿತು. ಅಪ್ಪ ಒಮ್ಮೆಯೂ ತಿರುಗಿ ನೋಡಲಿಲ್ಲ.

ಆಚೆ ದಡದಲ್ಲಿ ಕಾಯುತ್ತಿದ್ದ ಮಂದಿ ಅವನನ್ನೇ ಕೇಳಿದರು, "ದೋಣಿ ಈಗ ಹೊಳ್ಳಿ ಹೋಗ್ತೈತೇನ್ರಿ?"

"ನನ್ನ ಯಾಕ ಕೇಳ್ತೀರಿ," ಅಂದ ಅಪ್ಪ. "ದೋಣಿ ಆಕಿದು."